ಬೀಗ ಒಡೆದವಳಿಗೆ ಲೈಸೆನ್ಸ್

ನಮ್ಮಕ್ಕನ ಕೆಲಸ ಬಾಗಿಲು ತೆಗೆಯುವುದು. ಹಾಗಂದರೆ ಜನ ನಗುತ್ತಾರೆ, ಆದರೆ ನಿಜವಾಗಿಯೂ ಅದೇ ಅವಳ ಕೆಲಸವಾಗಿತ್ತು. ಬಾಡಿಗೆ ಮನೆ, ಮಾರಾಟದ ಮನೆ ತೋರಿಸುವ ಒಂದು ಸಣ್ಣ ಬ್ರೋಕರ್ ಆಫೀಸಿನಲ್ಲಿ ಅವಳು ಸಹಾಯಕಿ. ಆಫೀಸಿನ ಯಜಮಾನರಿಗೆ ಲೈಸೆನ್ಸ್ ಇತ್ತು, ಅಕ್ಕನಿಗೆ ಇರಲಿಲ್ಲ. ಲೈಸೆನ್ಸ್ ಇಲ್ಲದವರು ಬೀಗ ತೆಗೆಯಬಹುದು, ದೀಪ ಹಾಕಬಹುದು, ಕಿಟಕಿ ತೆರೆದು ಗಾಳಿಯಾಡಿಸಬಹುದು, ನಲ್ಲಿ ತಿರುಗಿಸಿ ನೀರು ಬರುತ್ತದೆ ಅಂತ ತೋರಿಸಬಹುದು. ಬಾಡಿಗೆ ಎಷ್ಟು ಅಂತ ಹೇಳುವಂತಿಲ್ಲ. ಸ್ವಲ್ಪ ಬಿಡ್ತಾರಾ ಅಂತ ಕೇಳಿದರೆ ಹೂಂ ಅನ್ನುವಂತಿಲ್ಲ, ಊಹೂಂ ಅನ್ನುವಂತಿಲ್ಲ. ಕಾನೂನು ಹಾಗಿದೆ.

ಹಾಗಾಗಿ ಯಾರು ಏನು ಕೇಳಿದರೂ ಅಕ್ಕ ಗೋಡೆ ನೋಡುತ್ತಾ "ಯಜಮಾನ್ರನ್ನ ಕೇಳಿ" ಅನ್ನುತ್ತಿದ್ದಳು. ಒಬ್ಬ ಮುದುಕ ಇವಳಿಗೆ ಕಿವಿ ಕೇಳಿಸುವುದಿಲ್ಲ ಅಂದುಕೊಂಡು, ಪಾಪ, ಕೈಸನ್ನೆಯಲ್ಲಿ ಬಾಡಿಗೆ ಕೇಳಿದ್ದನಂತೆ. ಮನೆಗೆ ಬಂದು ಅಕ್ಕ ಅದನ್ನು ಮಾಡಿ ತೋರಿಸಿದಾಗ ಅಮ್ಮ ತಟ್ಟೆ ಪಕ್ಕಕ್ಕಿಟ್ಟು ನಕ್ಕಳು.

"ನಿನ್ನ ಬಾಯಿ ಮುಚ್ಚಿಸೋಕೆ ನನ್ನ ಕೈಲಿ ಆಗಿರಲಿಲ್ಲ. ಸರ್ಕಾರವೇ ಬೇಕಾಯ್ತು ನೋಡು."

ನಗು ಮುಗಿದ ಮೇಲೆ ಅಕ್ಕ ನೀರು ಕುಡಿದು ಹೇಳಿದಳು, "ನಾನು ಪರೀಕ್ಷೆ ಕಟ್ತೀನಿ. ಲೈಸೆನ್ಸ್ ತಗೋತೀನಿ."

ಅಮ್ಮ ನನ್ನ ಮುಖ ನೋಡಿದಳು. ನಾನು ಅಮ್ಮನ ಮುಖ ನೋಡಿದೆ. ಪರೀಕ್ಷೆಯ ಬಗ್ಗೆ ನಮಗೆ ಯೋಚನೆ ಇರಲಿಲ್ಲ. ಅಕ್ಕನ ತಲೆ ಚುರುಕು. ಆದರೆ ಅಕ್ಕ ಜೈಲಿಗೆ ಹೋಗಿ ಬಂದವಳು.

ಅದನ್ನು ಮೊದಲು ಹೇಳಿಬಿಡುತ್ತೇನೆ.

ಆಗ ನಾನು ಶಾಲೆಯ ಕೊನೆಯ ವರ್ಷದಲ್ಲಿದ್ದೆ. ಅಪ್ಪ ತೀರಿಕೊಂಡು ಹೆಚ್ಚು ಕಾಲ ಆಗಿರಲಿಲ್ಲ. ಮೂರನೇ ಮಹಡಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಬೆಳಕು ಚೆನ್ನಾಗಿ ಬೀಳುವ ಕಿಟಕಿಯ ಹತ್ತಿರ ಅಮ್ಮನ ಹೊಲಿಗೆ ಮೆಷಿನ್ನು. ಮೂವರ ಹೊಟ್ಟೆಯೂ ಅದರ ಮೇಲೇ ನಡೆಯುತ್ತಿತ್ತು. ಕಟ್ಟಡ ಮಾರಾಟಕ್ಕಿತ್ತು, ಕೊಳ್ಳುವವನಿಗೆ ಅದು ಖಾಲಿ ಬೇಕಿತ್ತು. ನಮ್ಮ ಕರಾರು ಮುಗಿದಿತ್ತು. ಬೇರೆ ಮನೆ ಹುಡುಕುತ್ತಲೇ ಇದ್ದೆವು, ಸಿಕ್ಕಿರಲಿಲ್ಲ. ಆಗ ಮಾಲೀಕನ ಕಡೆಯಿಂದ ಒಬ್ಬ ಬ್ರೋಕರ್ ಬಂದ. ಇಸ್ತ್ರಿ ಹಾಕಿದ ಶರ್ಟು, ಇಸ್ತ್ರಿ ಹಾಕಿದಂಥದ್ದೇ ಮಾತು. "ನಿಮಗೇ ಅಂತ ಕಟ್ಟಿಸಿದ ಹಾಗಿದೆ ಒಂದು ಮನೆ. ಮೂವರೂ ಬನ್ನಿ, ಮೂವರಿಗೂ ಹಿಡಿಸಬೇಕಲ್ಲ" ಅಂದ. ತನ್ನ ಕಾರಿನಲ್ಲೇ ಕೂರಿಸಿಕೊಂಡು ಊರಿನ ಇನ್ನೊಂದು ತುದಿಗೆ ಕರೆದುಕೊಂಡು ಹೋದ. ಅಮ್ಮ ದಾರಿಯುದ್ದಕ್ಕೂ ಅವನಿಗೆ ಒಳ್ಳೆಯದಾಗಲಿ ಅಂತ ಹರಸಿದಳು.

ಆ ಮನೆಯ ಬಾಗಿಲು ತೆಗೆದವಳು ಒಬ್ಬ ಹೆಂಗಸು. ಸೊಂಟದಲ್ಲಿ ಮಗು, ಹಿಂದೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಮನೆ ಖಾಲಿ ಮಾಡುವ ಯೋಚನೆ ಅವಳಿಗೆ ಕನಸಿನಲ್ಲೂ ಇರಲಿಲ್ಲ. "ಏನೋ ತಪ್ಪಾಗಿದೆ, ವಿಚಾರಿಸಿಕೊಂಡು ಬರ್ತೀನಿ, ಇಲ್ಲೇ ಇರಿ" ಅಂತ ಕಾರು ಹತ್ತಿದ ಬ್ರೋಕರ್ ವಾಪಸು ಬರಲಿಲ್ಲ. ಕಾದು ಕಾದು, ಬಸ್ಸು ಬದಲಿಸಿಕೊಂಡು ಮನೆಗೆ ಬಂದರೆ ನಮ್ಮ ಬಾಗಿಲಿಗೆ ಹೊಸ ಬೀಗ.

ಒಳಗೆ ಮೆಷಿನ್ನು. ಗಿರಾಕಿಗಳ ಬಟ್ಟೆ. ನನ್ನ ಪುಸ್ತಕಗಳು, ಮಾರನೇ ದಿನ ನನಗೆ ಪರೀಕ್ಷೆ. ಅಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಕ್ಕ ಕೆಳಗಿಳಿದು ಹೋಗಿ, ಎದುರಿಗೆ ಕಟ್ಟುತ್ತಿದ್ದ ಮನೆಯಿಂದ ಒಂದು ಕಬ್ಬಿಣದ ಸಲಾಕೆ ಹಿಡಿದುಕೊಂಡು ಬಂದಳು. ಬೀಗ ಗಟ್ಟಿ ಇತ್ತು, ಬಾಗಿಲಿನ ಕೊಂಡಿ ಗಟ್ಟಿ ಇರಲಿಲ್ಲ.

ಸದ್ದು ಕೇಳಿ ಬ್ರೋಕರ್ ಮೇಲೆ ಬಂದ. ಅವನು ಕೆಳಗಿನ ಮಹಡಿಯಲ್ಲೇ ಇದ್ದ. ಅಲ್ಲಿಯವರ ಬಾಗಿಲಿಗೂ ಅಂಥದ್ದೇ ಬೀಗ ಹಾಕಿಸುತ್ತಿದ್ದ. ತೆರೆದ ಬಾಗಿಲು ನೋಡಿ ಅವನಿಗೆ ಸಿಟ್ಟು ಬರಲಿಲ್ಲ, ನಗು ಬಂತು. "ಒಳಗೆ ಅಂಥದ್ದೇನಿದೆ ಅಂತ ಇಷ್ಟು ಒದ್ದಾಟ? ಆ ಚಿಂದಿಯನ್ನೆಲ್ಲ ನಾನೇ ಬೀದಿಗೆ ಹಾಕಿಸ್ತಿದ್ದೆ" ಅಂತ ಅಮ್ಮನಿಗೆ ಹೇಳಿ, ಪೊಲೀಸರಿಗೆ ಫೋನ್ ಮಾಡಲು ಕಿವಿಗೆ ಫೋನ್ ಹಿಡಿದು ತಿರುಗಿ ನಡೆದ. ಅಕ್ಕ ಎರಡು ಮೆಟ್ಟಿಲು ಇಳಿದು ಸಲಾಕೆ ಬೀಸಿದಳು. ಫೋನ್ ಹಿಡಿದಿದ್ದ ಅವನ ಕೈ ಮಣಿಕಟ್ಟಿನ ಹತ್ತಿರ ಮುರಿಯಿತು.

ನಮ್ಮವಳು ಅಂತ ನಾನು ಇದನ್ನು ತಿದ್ದಿ ಹೇಳುವುದಿಲ್ಲ. ಬಾಗಿಲು ಆಗಲೇ ತೆರೆದಾಗಿತ್ತು. ಆತ ಬೆನ್ನು ತಿರುಗಿಸಿದ್ದ.

"ಜಗ್ಗಾಟದಲ್ಲಿ ಬಿದ್ದ ಅಂತ ಹೇಳಮ್ಮ, ನಿನ್ನ ವಯಸ್ಸು ನೋಡಿ ಬಿಟ್ಟುಬಿಡ್ತಾರೆ" ಅಂತ ವಕೀಲರು ಬಡಕೊಂಡರು. ಅಕ್ಕ ಕೋರ್ಟಿನಲ್ಲಿ "ಹೊಡೆದೆ" ಅಂದಳು. ಬೀಗ ಒಡೆದು ಒಳನುಗ್ಗಿದ್ದಕ್ಕೆ, ಕೈ ಮುರಿದದ್ದಕ್ಕೆ, ಎರಡೂ ಸೇರಿ ಎರಡು ವರ್ಷ. ಅವಳಿಗಾಗ ಇಪ್ಪತ್ತೊಂದು. ನಮ್ಮನ್ನು ಊರ ತುದಿಯಲ್ಲಿ ಬಿಟ್ಟು ಬಂದವನ ಮೇಲೆ ಯಾವ ಕೇಸೂ ಆಗಲಿಲ್ಲ. ಸುಳ್ಳು ಮನೆ ತೋರಿಸುವುದಕ್ಕೆ ಯಾವ ಕಲಮೂ ಇರಲಿಲ್ಲವಂತೆ.

ಹೊರಗೆ ಬಂದ ಮೇಲೆ ಅವಳ ಜೊತೆ ನಮಗೂ ಯಾರೂ ಮನೆ ಕೊಡುತ್ತಿರಲಿಲ್ಲ. ಹಾಗೆ ಅಲೆಯುತ್ತಾ ಈ ಊರಿಗೆ ಬಂದಾಗಲೇ ಅವಳು ಯಜಮಾನರ ಆಫೀಸಿಗೆ ಹೋದದ್ದು. ಯಜಮಾನರು ದಪ್ಪ ಮನುಷ್ಯ, ಹೆಂಡತಿ ಹೆಣೆದ ಸ್ವೆಟರಿನ ಮೇಲೆ ಕೋಟು ತೊಡುತ್ತಾರೆ, ಮೆಟ್ಟಿಲು ಕಂಡರೆ ನಿಟ್ಟುಸಿರು ಬಿಡುತ್ತಾರೆ. ಅವರು ತೋರಿಸಿದ ಮನೆ ಅಕ್ಕನಿಗೆ ಹಿಡಿಸಲಿಲ್ಲ. ಇಳಿದು ಬರುವಾಗ ಮೆಟ್ಟಿಲಲ್ಲಿ ಇನ್ನೊಂದು ಜೋಡಿ ಸಿಕ್ಕಿತು. ಹೊಸದಾಗಿ ಮದುವೆಯಾದವರು, ಏನು ಕೇಳಬೇಕೆಂದೂ ತಿಳಿಯದವರು. ಅಕ್ಕ ಅವರನ್ನು ಮೇಲೆ ಕರೆದುಕೊಂಡು ಹೋಗಿ ಮನೆಯ ಒಳ್ಳೆಯದು, ಕೆಟ್ಟದ್ದು ಎರಡನ್ನೂ ತೋರಿಸಿದಳು. ಅವರು ಅಲ್ಲೇ ಒಪ್ಪಿಕೊಂಡರು. ಯಜಮಾನರು ಕೆಳಗೆ ಇನ್ನೂ ಉಸಿರು ಸುಧಾರಿಸಿಕೊಳ್ಳುತ್ತಿದ್ದರು.

"ಮನೆ ಬೇಕು ಅಂತ ಬಂದೋಳು ನೀನಲ್ವಾ?"

"ಹೌದು. ನನಗೆ ಬೇಡ ಅನ್ನಿಸ್ತು, ಅವರಿಗೆ ಕೊಡಿಸಿದೆ."

"ಕೆಲಸ ಮಾಡ್ತೀಯಾ?"

"ಮಾಡ್ತೀನಿ. ಆದ್ರೆ ನಾನು ಜೈಲಲ್ಲಿದ್ದು ಬಂದಿದೀನಿ." ಯಾಕೆ ಅಂತಲೂ ಹೇಳಿದಳು.

ಯಜಮಾನರು ಮೆಟ್ಟಿಲ ಕಡೆ ನೋಡಿ ಕೇಳಿದರಂತೆ, "ಮೆಟ್ಟಿಲು ಹತ್ತೋಕೆ ಬೇಜಾರಿಲ್ಲ ತಾನೆ?" ನಮಗೂ ಅವರೇ ಒಂದು ಮನೆ ಕೊಡಿಸಿದರು. ಕೆಳಗೆ ಅಂಗಡಿ, ಮೇಲೆ ವಾಸ. ಆ ಅಂಗಡಿಯಲ್ಲಿ ನಾನು ಈಗಲೂ ಬಟ್ಟೆ ಹೊಲಿಯುತ್ತೇನೆ. ಅಮ್ಮ ಕೂತಲ್ಲಿಂದಲೇ ತಪ್ಪು ಹುಡುಕುತ್ತಾಳೆ.

ಅಕ್ಕ ಪರೀಕ್ಷೆ ಕಟ್ಟಿದಳು, ಪಾಸಾದಳು, ಒಳ್ಳೆಯ ಅಂಕವೂ ಬಂತು. ಅದಾದ ಮೇಲೆ ಲೈಸೆನ್ಸ್ ಕೊಡುವ ಮಂಡಳಿಗೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಒಂದು ಪ್ರಶ್ನೆ: ನಿಮಗೆ ಯಾವುದಾದರೂ ಅಪರಾಧಕ್ಕೆ ಶಿಕ್ಷೆಯಾಗಿದೆಯೇ?

ಯಜಮಾನರು ಆಫೀಸಿನ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು. "ಇಲ್ಲ ಅಂತ ಬರಿ ತಾಯಿ. ಆ ಊರು ಬೇರೆ, ಈ ಊರು ಬೇರೆ. ಎಷ್ಟು ವರ್ಷ ಆಯ್ತು, ಯಾರು ಹೋಗಿ ಕೆದಕ್ತಾರೆ?"

"ಯಾರೂ ಕೆದಕದೇ ಇರಬಹುದು. ಆದ್ರೆ ಇಲ್ಲ ಅಂತ ಬರೆದ್ರೆ ಬಾಗಿಲು ಬಡಿದಾಗಲೆಲ್ಲ ನಾನು ಹೆದರಬೇಕು. ನಾನು ಯಾರಿಗೂ ಹೆದರಿ ಬದುಕೋಳಲ್ಲ ಯಜಮಾನ್ರೇ."

"ಹಾಗಾದ್ರೆ ಅವರು ಕೊಡಲ್ಲ."

"ಕೊಡದೆ ಇರೋಕೆ ಕಾರಣ ಹೇಳಬೇಕಲ್ಲ. ನನ್ನ ಮುಖ ನೋಡಿ ಹೇಳಲಿ."

ಅವಳು ಹೌದು ಅಂತ ಬರೆದಳು. ವಿವರ ಕೊಡಿ ಅಂತ ಇದ್ದ ಜಾಗ ಸಾಲದೆ ಇನ್ನೊಂದು ಹಾಳೆ ಲಗತ್ತಿಸಿದಳು.

ಮಂಡಳಿಯಿಂದ ವಿಚಾರಣೆಗೆ ಕರೆ ಬಂತು. ಯಜಮಾನರ ಅಳಿಯ ವಕೀಲ, ಒಳ್ಳೆಯ ಹುಡುಗ, ಸ್ವಲ್ಪ ನಾಟಕದವನು. ನಮ್ಮ ಮನೆಗೇ ಬಂದು ಪಾಠ ಹೇಳಿದ. "ಅಕ್ಕಾವ್ರೇ, ಅಲ್ಲಿ ತಲೆ ತಗ್ಗಿಸಿ ನಿಲ್ಲಬೇಕು. ಅವತ್ತಿಂದ ಇವತ್ತಿನವರೆಗೆ ಕೊರಗ್ತಾ ಇದ್ದೀನಿ ಅನ್ನಬೇಕು. ಕಣ್ಣಲ್ಲಿ ಎರಡು ಹನಿ ಬಂದ್ರೆ ಅರ್ಧ ಕೆಲಸ ಆದ ಹಾಗೆ."

ಅಮ್ಮ ಮೂಲೆಯಲ್ಲಿ ಗುಂಡಿ ಹಚ್ಚುತ್ತಾ ಕೂತಿದ್ದಳು. "ಅಳು ಅಂತ ಅವಳಿಗೆ ಹೇಳ್ತಿದೀಯಾ? ಹುಟ್ಟಿದಾಗಲೇ ಸೂಲಗಿತ್ತಿ ಕುಂಡೆಗೆ ಎರಡು ಬಾರಿಸಿದ್ರೂ ಅಳಲಿಲ್ಲ. ಅವಳನ್ನೇ ದುರುಗುಟ್ಟಿ ನೋಡಿದಳು."

ವಕೀಲ ನಕ್ಕ. ಅಕ್ಕ ನಗಲಿಲ್ಲ. "ನಾನು ಕೊರಗ್ತಾ ಇಲ್ಲ" ಅಂದಳು. "ಕೊರಗೋಕೆ ಪುರುಸೊತ್ತಾದ್ರೂ ಎಲ್ಲಿದೆ?"

ವಿಚಾರಣೆಯ ಕೋಣೆಗೆ ನಾನೂ ಹೋಗಿದ್ದೆ. ಎತ್ತರದ ಕಟ್ಟಡದ ನಡು ಮಹಡಿ. ನೆಲಕ್ಕೆ ಬೂದು ಬಣ್ಣದ ಹಾಸು, ಕಾಲಿಟ್ಟರೆ ಸದ್ದೇ ಇಲ್ಲ. ಉದ್ದನೆಯ ಮೇಜಿನ ಆಚೆ ಮೂವರು. ನಡುವೆ ಅಧ್ಯಕ್ಷೆ, ಬಿಳಿಗೂದಲಿನ ಹೆಂಗಸು, ಕನ್ನಡಕ ತೆಗೆದು ಹಾಕಿ ಮಾಡುತ್ತಿದ್ದರು. ಎಡಕ್ಕೆ ನಿವೃತ್ತ ಪೊಲೀಸ್ ಅಧಿಕಾರಿ. ಬಲಕ್ಕೆ ಮನೆ ಮಾರಾಟದ ದೊಡ್ಡ ಕಂಪನಿಯೊಂದರ ಮಾಲೀಕ. ಈಚೆ ನಾವು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಒಬ್ಬ ಕೂತಿದ್ದ. ನನಗೆ ಮೊದಲು ಗುರುತು ಸಿಗಲಿಲ್ಲ, ತಲೆ ಬೋಳಾಗಿತ್ತು. ಅಕ್ಕನಿಗೆ ಒಂದೇ ನೋಟಕ್ಕೆ ಸಿಕ್ಕಿತು. ಅವಳ ಕೈಯಿಂದ ಪೆಟ್ಟು ತಿಂದ ಆ ಬ್ರೋಕರ್. ಮಂಡಳಿಯವರು ಅವನ ಅಭಿಪ್ರಾಯ ಕೇಳಲು ಕರೆಸಿದ್ದರು. ಅವನ ಲೈಸೆನ್ಸ್ ವರ್ಷವರ್ಷವೂ ನವೀಕರಣವಾಗಿ ಭದ್ರವಾಗಿತ್ತು.

ಕಂಪನಿಯ ಮಾಲೀಕ ಮೊದಲು ಶುರು ಮಾಡಿದ. "ನೋಡಿ, ನಮ್ಮ ಕಸುಬು ನಡೆಯೋದು ನಂಬಿಕೆ ಮೇಲೆ. ಜನ ನಮ್ಮ ಕೈಗೆ ಮನೆ ಕೀಲಿ ಕೊಡ್ತಾರೆ. ಬೀಗ ಒಡೆದವರ ಕೈಗೆ ಕೀಲಿ ಕೊಡಿ ಅಂತ ನಾವು ಹೇಗೆ ಹೇಳೋದು?"

"ಎಷ್ಟೋ ವರ್ಷದಿಂದ ನಮ್ಮ ಆಫೀಸಿನ ಎಲ್ಲ ಕೀಲಿ ನನ್ನ ಕೈಯಲ್ಲೇ ಇವೆ ಸಾರ್. ಒಂದು ಮನೆಯಿಂದ ಒಂದು ಚಮಚ ಹೋಗಿದ್ರೆ ಹೇಳಿ."

"ಹೋಗಿಲ್ಲ ಅಂತಲೇ ಇಟ್ಟುಕೊಳ್ಳೋಣ. ನಿಮ್ಮ ಸಿಟ್ಟಿನ ಮಾತೇನು? ಮನೆ ನೋಡೋಕೆ ಬಂದವರು ಏನೋ ಅಂದ್ರು ಅಂತ ಇಟ್ಟುಕೊಳ್ಳಿ."

"ದಿನಾ ಅಂತಾರೆ. ಮೊನ್ನೆ ಒಬ್ಬರು ನನ್ನನ್ನ ಕಸ ಗುಡಿಸೋಳು ಅಂದುಕೊಂಡು ಬೂಟಿನ ಮಣ್ಣು ಒರೆಸು ಅಂದ್ರು. ಒರೆಸಿದೆ. ಆ ಮನೆ ಅವರಿಗೇ ಹೋಯ್ತು."

ಪೊಲೀಸ್ ಅಧಿಕಾರಿಯ ಮೀಸೆಯ ತುದಿ ಅಲುಗಿತು.

ಅಧ್ಯಕ್ಷೆ ಬ್ರೋಕರನ್ನು ಮಾತಾಡಲು ಹೇಳಿದರು. ಅವನು ಎದ್ದು ನಿಂತು ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡ. ಚಳಿಯಲ್ಲಿ ಇನ್ನೂ ನೋಯುತ್ತದೆ, ಭಾರ ಎತ್ತಲಾಗುವುದಿಲ್ಲ, ಇಂಥವರಿಗೆ ಲೈಸೆನ್ಸ್ ಕೊಟ್ಟರೆ ನಮ್ಮಂಥವರ ಮರ್ಯಾದೆ ಏನಾಗಬೇಕು ಅಂದ. ನೋವು ಸುಳ್ಳಿರಲಾರದು. ಆ ಮಾತಿಗೆ ಅಕ್ಕ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ವಕೀಲ ಹೇಳಿಕೊಟ್ಟದ್ದಲ್ಲ ಅದು.

ಆಮೇಲೆ ಅವಳು ತಲೆ ಎತ್ತಿದಳು. "ನಾನು ಇವರನ್ನ ಒಂದು ಪ್ರಶ್ನೆ ಕೇಳಬಹುದಾ ಮೇಡಂ?"

"ಕೇಳಿ."

"ಆ ದಿನ ನಮ್ಮನ್ನ ನಿಮ್ಮ ಕಾರಲ್ಲಿ ಎಲ್ಲಿಗೆ ಕರ್ಕೊಂಡು ಹೋದ್ರಿ?"

"ಮನೆ ತೋರಿಸೋಕೆ."

"ಆ ಮನೆ ಖಾಲಿ ಇತ್ತಾ?"

ಅವನು ಮಂಡಳಿಯ ಕಡೆ ನೋಡಿದ. "ಮೇಡಂ, ಅದೆಲ್ಲ ಯಾವ ಕಾಲದ್ದು..."

"ಖಾಲಿ ಇತ್ತಾ ಇರಲಿಲ್ವಾ?"

"ಇರಲಿಲ್ಲ" ಅಂದ ಅವನು, ತುಟಿ ಅಲ್ಲಾಡಿತೋ ಇಲ್ಲವೋ ಅನ್ನುವ ಹಾಗೆ.

"ಇರಲಿ" ಅಂದರು ಅಧ್ಯಕ್ಷೆ, ಕನ್ನಡಕ ತೆಗೆದು. "ಅದು ಇವತ್ತಿನ ವಿಷಯ ಅಲ್ಲ."

"ಅವರದು ಇವತ್ತಿನ ವಿಷಯ ಅಲ್ಲ ಅಂದ್ರೆ ನನ್ನದು ಹೇಗೆ ಇವತ್ತಿನ ವಿಷಯ ಆಗುತ್ತೆ ಮೇಡಂ? ಎರಡೂ ಒಂದೇ ದಿನ ನಡೆದದ್ದು. ಒಂದೇ ಸಂಜೆ."

ಅಧ್ಯಕ್ಷೆ ಕೆಟ್ಟವರೇನಲ್ಲ. ಅವರ ದನಿಯಲ್ಲಿ ಒಂದು ಬಗೆಯ ಕೋರಿಕೆಯೇ ಇತ್ತು ಅನ್ನಿಸಿತು ನನಗೆ. "ನೋಡಮ್ಮ, ನಿಮಗೆ ಸಹಾಯ ಆಗಲಿ ಅಂತಲೇ ಹೇಳ್ತಿದೀನಿ. ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆ, ಆ ಮನುಷ್ಯನ ಕ್ಷಮೆ ಕೇಳ್ತೀನಿ ಅಂತ ಒಂದು ಮಾತು ಹೇಳಿ. ನಾವು ಅದನ್ನ ದಾಖಲು ಮಾಡ್ಕೋತೀವಿ. ಮುಂದಿನದು ಸುಲಭ ಆಗುತ್ತೆ."

ವಕೀಲ ಮೇಜಿನ ಕೆಳಗೆ ಅಕ್ಕನ ಕಾಲು ತುಳಿದ. ತುಳಿದದ್ದು ನನ್ನ ಕಾಲು.

ಅಕ್ಕ ಎದ್ದು ನಿಂತಳು. "ಬೀಗ ಒಡೆದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಒಳಗಿದ್ದದ್ದು ನಮ್ಮ ಬದುಕು. ನಾಳೆ ಹಾಗೇ ಆದ್ರೆ ನಾಳೆಯೂ ಒಡೀತೀನಿ. ಇವರ ಕೈ ಮುರಿದದ್ದು ತಪ್ಪು. ಬೆನ್ನು ತಿರುಗಿಸಿದವರಿಗೆ ಹೊಡೆದದ್ದು ಇನ್ನೂ ದೊಡ್ಡ ತಪ್ಪು. ಅದನ್ನ ಕೋರ್ಟಲ್ಲಿ ಒಪ್ಪಿಕೊಂಡೆ. ಕೋರ್ಟು ಎರಡು ವರ್ಷ ಅಂತು, ಎರಡು ವರ್ಷ ಇದ್ದು ಬಂದೆ, ಒಂದು ದಿನ ಕಡಿಮೆ ಮಾಡಿ ಅಂತ ಕೇಳಲಿಲ್ಲ. ಆ ಬಾಬ್ತು ಅಲ್ಲಿಗೆ ತೀರಿತು ಮೇಡಂ. ನಿಮ್ಮ ಮೇಜಿನ ಮುಂದೆ ಅದನ್ನ ಇನ್ನೊಂದು ಸಲ ತೀರಿಸಲ್ಲ. ಲೈಸೆನ್ಸ್ ಕೇಳೋಕೆ ಬಂದಿದೀನಿ, ಬಿಡುಗಡೆ ಕೇಳೋಕಲ್ಲ. ಬಿಡುಗಡೆ ಆಗಿ ಬಹಳ ಕಾಲ ಆಯ್ತು."

ಮಂಡಳಿ ಕೊಡಲಿಲ್ಲ. ಇಬ್ಬರು ಬೇಡ ಅಂದರು, ಪೊಲೀಸ್ ಅಧಿಕಾರಿ ಕೊಡಬಹುದು ಅಂದರು. "ಹೊಡೆದೆ ಅಂತ ಮೊದಲ ದಿನವೇ ಒಪ್ಪಿಕೊಂಡವರನ್ನು ನನ್ನ ಸೇವೆಯಲ್ಲಿ ನಾನು ಹೆಚ್ಚು ನೋಡಿಲ್ಲ" ಅಂತ ಅವರೊಬ್ಬರೇ ಬರೆಸಿದ್ದರು. ಉಳಿದಿಬ್ಬರ ಆದೇಶದಲ್ಲಿ ಅರ್ಜಿದಾರರಿಗೆ ಪಶ್ಚಾತ್ತಾಪವಿಲ್ಲದ ಕಾರಣ ನಡತೆ ಸುಧಾರಿಸಿದೆ ಎನ್ನಲಾಗದು ಅಂತಿತ್ತು.

ಯಜಮಾನರು ಮಾರನೇ ದಿನ ಬಿಸ್ಕತ್ತಿನ ಪೊಟ್ಟಣ ಹಿಡಿದು ನಮ್ಮನೆಗೆ ಬಂದರು. ಮೆಟ್ಟಿಲು ಹತ್ತಿ ಬಂದಿದ್ದರು, ಅದೇ ಅವರ ಪ್ರೀತಿಯ ಅಳತೆ. "ಹೋಗಲಿ ಬಿಡಮ್ಮ. ಜನರ ಕಣ್ಣಿಗೆ ಮೊದಲಿನ ಹಾಗೇ ಇರಲಿ. ನೀನು ಬಾಗಿಲು ತೆಗಿ, ಮಾತೂ ನೀನೇ ಆಡು, ರುಜು ನಾನು ಹಾಕ್ತೀನಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ" ಅಂದಳು ಅಕ್ಕ. "ಕದ್ದು ಮಾಡೋ ಹಾಗಿದ್ರೆ ಅವತ್ತೇ ಇಲ್ಲ ಅಂತ ಬರೀತಿದ್ದೆ."

ಅವಳು ಮೇಲ್ಮನವಿ ಹಾಕಿದಳು. ಅಷ್ಟೇ ಮಾಡಿ ಸುಮ್ಮನಿರಲಿಲ್ಲ. ಆಫೀಸಿನ ಗಾಜಿನ ಬಾಗಿಲಿಗೆ, ಖಾಲಿ ಮನೆಗಳ ಚಿತ್ರಗಳ ಪಕ್ಕದಲ್ಲೇ, ತನ್ನ ಕೈಬರಹದಲ್ಲಿ ಒಂದು ಚೀಟಿ ಅಂಟಿಸಿದಳು: ನನಗೆ ಲೈಸೆನ್ಸ್ ನಿರಾಕರಿಸಲಾಗಿದೆ. ಯಾಕೆ ಅಂತ ಕೇಳಿದರೆ ಹೇಳುತ್ತೇನೆ. ಯಜಮಾನರು ಅದನ್ನು ಓದಿ ಎದೆ ಹಿಡಿದುಕೊಂಡು ಕೂತರು. ತೆಗೆ ಅನ್ನಲಿಲ್ಲ, ಅದು ಅವರ ದೊಡ್ಡತನ.

ಕೆಲವರು ಚೀಟಿ ಓದಿ ಹಾಗೇ ಮುಂದೆ ಹೋದರು. ಕೆಲವರು ಒಳಗೆ ಬಂದು ಕೇಳಿದರು. ಅಕ್ಕ ಎಲ್ಲರಿಗೂ ಅದನ್ನೇ ಹೇಳಿದಳು, ಒಬ್ಬರಿಗೊಂದು ಇನ್ನೊಬ್ಬರಿಗೊಂದು ಅಲ್ಲ. ಮೂರು ಮನೆ ಬಾಡಿಗೆಗೆ ಕೊಟ್ಟಿದ್ದ ಒಬ್ಬ ನಿವೃತ್ತ ಶಿಕ್ಷಕಿ ಇದ್ದರು. ಅವರು ಕೇಳಿಸಿಕೊಂಡು, ಮುಖ ಗಂಟಿಕ್ಕಿ, ತಮ್ಮ ಕೀಲಿಗಳನ್ನು ಅಕ್ಕನ ಕೈಯಿಂದ ವಾಪಸು ತೆಗೆದುಕೊಂಡು ಹೋದರು. ಅವತ್ತು ಅಕ್ಕ ಮನೆಗೆ ಬಂದು ಊಟಕ್ಕೆ ಕೂರಲಿಲ್ಲ. ಹಾಸಿಗೆ ಹಾಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಮ್ಮ ಹೋಗಿ ಅವಳ ತಲೆಯ ಹತ್ತಿರ ಕೂತಳು.

"ನಾನೇ ಅವತ್ತು ಆ ಕಾರು ಹತ್ತಬಾರದಿತ್ತು" ಅಂದಳು ಅಮ್ಮ. "ದಾರಿಯುದ್ದಕ್ಕೂ ಅವನನ್ನ ಹರಸಿದೆ."

ಅಕ್ಕ ತಿರುಗಿ ನೋಡಿದಳು. "ಅಮ್ಮ, ನೀನೂ ಶುರು ಮಾಡಬೇಡ. ಈ ಮನೇಲಿ ಪಶ್ಚಾತ್ತಾಪ ಬೇಕು ಅಂತ ಅವರು ಕೇಳ್ತಿದಾರೆ. ಯಾರದಾದ್ರೂ ಆದೀತು ಅಂತ ನಿನ್ನದೇ ಹಿಡ್ಕೊಂಡು ಹೋಗಿಬಿಡ್ತಾರೆ." ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅಕ್ಕ ಎದ್ದು ಬಂದು ಉಂಡಳು.

ಮೇಲ್ಮನವಿ ಕೇಳಿದವರು ಒಬ್ಬರೇ ನ್ಯಾಯಾಧೀಶರು. ಈ ಸಲ ಅಮ್ಮನೂ ನಮ್ಮ ಜೊತೆ ಬಂದಿದ್ದಳು. ಅವತ್ತು ಅವರಿಗೆ ನೆಗಡಿ. ಮಾತು ಮಾತಿಗೂ ಕರವಸ್ತ್ರ ತೆಗೆಯುತ್ತಿದ್ದರು. ಕೋಣೆ ಚಿಕ್ಕದು, ಕಿಟಕಿಯಾಚೆ ಬಸ್ ನಿಲ್ದಾಣ, ಬಸ್ಸು ಹೊರಟಾಗಲೆಲ್ಲ ಗಾಜು ನಡುಗುತ್ತಿತ್ತು. ಮಂಡಳಿಯ ವಕೀಲೆ ಚೆನ್ನಾಗಿ ವಾದಿಸಿದಳು. ಪಶ್ಚಾತ್ತಾಪ ಇಲ್ಲದವರು ಬದಲಾಗಿದ್ದಾರೆ ಅಂತ ಸಾರ್ವಜನಿಕರು ಹೇಗೆ ನಂಬಬೇಕು ಅಂತ ಕೇಳಿದಳು.

ನ್ಯಾಯಾಧೀಶರು ಮೂಗು ಒರೆಸಿಕೊಂಡರು. "ನಿಯಮದಲ್ಲಿ ಪಶ್ಚಾತ್ತಾಪ ಅನ್ನೋ ಪದ ಎಲ್ಲಿದೆ, ತೋರಿಸಿ."

"ಆ ಪದ ಇಲ್ಲ. ಗಿರಾಕಿಗಳ ಜೊತೆ ಪ್ರಾಮಾಣಿಕವಾಗಿ, ಅಪಾಯವಾಗದಂತೆ ನಡೆದುಕೊಳ್ಳೋ ವ್ಯಕ್ತಿ ಆಗಿರಬೇಕು ಅಂತಿದೆ. ಪಶ್ಚಾತ್ತಾಪ ಅದಕ್ಕೆ ಗುರುತು ಅಂತ ನಮ್ಮ ವಾದ."

"ಇವರಿಗೆ ಶಿಕ್ಷೆ ಆದದ್ದು ಮಂಡಳಿಗೆ ಹೇಗೆ ಗೊತ್ತಾಯ್ತು?"

"ಅವರೇ ಅರ್ಜಿಯಲ್ಲಿ ಬರೆದಿದ್ದರು."

"ಬರೆಯದೇ ಇದ್ದಿದ್ರೆ?"

ವಕೀಲೆ ತನ್ನ ಕಾಗದ ತಿರುವಿದಳು. "ಬಹುಶಃ ಗೊತ್ತಾಗ್ತಿರಲಿಲ್ಲ."

"ಅಂದ್ರೆ ಸುಳ್ಳು ಹೇಳಿದ್ರೆ ಲೈಸೆನ್ಸ್ ಸಿಕ್ತಿತ್ತು. ನಿಜ ಹೇಳಿದ್ದಕ್ಕೆ ಹೋಯ್ತು. ಇದರಲ್ಲಿ ಪ್ರಾಮಾಣಿಕತೆಗೆ ಗುರುತು ಯಾವುದು ಅಂತ ನೀವೇ ಹೇಳಿ." ಒಂದು ಬಸ್ಸು ಹೊರಟಿತು, ಗಾಜು ನಡುಗಿತು, ಅವರು ಕಾದರು. ಆಮೇಲೆ ಅಕ್ಕನ ಕಡೆ ತಿರುಗಿದರು. "ನೀವು ಏನಾದರೂ ಹೇಳೋದಿದೆಯಾ?"

ಇವಳು ಬಾಯಿಬಿಟ್ಟರೆ ಬಂದದ್ದೂ ಹೋಗುತ್ತದೆ ಅಂತ ನಾನು ಕಣ್ಣು ಮುಚ್ಚಿದೆ.

"ಇದೆ ಸ್ವಾಮಿ. ನನ್ನ ಮೇಲೆ ಕನಿಕರದಿಂದ ಕೊಡೋದಾದ್ರೆ ಬೇಡ. ಆ ಪರೀಕ್ಷೆ ನಾನು ಪಾಸು ಮಾಡಿದೀನಿ. ಆ ಲೆಕ್ಕದಲ್ಲಿ ಕೊಡಿ."

ನ್ಯಾಯಾಧೀಶರು ಸೀನಿದರು. ನಗು ಮುಚ್ಚಲು ಸೀನಿದರೋ, ನಿಜವಾಗಿ ಸೀನಿದರೋ, ನಾವು ಮೂವರೂ ಇವತ್ತಿಗೂ ಜಗಳಾಡುತ್ತೇವೆ.

ಮಂಡಳಿಯ ಆದೇಶ ರದ್ದಾಯಿತು. ಲೈಸೆನ್ಸ್ ಕೊಡಿ ಅಂತ ತೀರ್ಪು ಬಂತು. ಜೊತೆಗೆ ಒಂದು ಷರತ್ತು. ಮೊದಲ ಎರಡು ವರ್ಷ ಅವಳ ಪ್ರತಿಯೊಂದು ವ್ಯವಹಾರಕ್ಕೂ ಯಜಮಾನರ ಮೇಲ್ವಿಚಾರಣೆ ಇರಬೇಕು, ಅವರು ಮಂಡಳಿಗೆ ವರದಿ ಕೊಡಬೇಕು. ಯಜಮಾನರು ಖುಷಿಯಿಂದ ಮತ್ತೆ ಮೆಟ್ಟಿಲು ಹತ್ತಿ ಬಂದರು. ಅಕ್ಕ ಮಾತ್ರ ಮುಖ ಊದಿಸಿಕೊಂಡು ಕೂತಿದ್ದಳು.

"ಅದೇನು ಎರಡು ವರ್ಷ? ಮತ್ತೆ ಎರಡು ವರ್ಷವೇ ಯಾಕೆ? ಇದರ ಮೇಲೂ ಹೋಗ್ತೀನಿ."

"ಹೋಗಬೇಡ ಅನ್ನಲ್ಲ" ಅಂದಳು ಅಮ್ಮ. "ಮೊದಲು ಊಟ ಮಾಡು. ಆಮೇಲೆ ಯಾರ ಮೇಲೆ ಬೇಕಾದ್ರೂ ಹೋಗು."

ಅವಳು ಹೋಗಲಿಲ್ಲ. ಅದು ಸೋಲು ಅಂತ ನಾನು ಭಾವಿಸುವುದಿಲ್ಲ. ಕೆಲಸ ಬಂದು ಬಿತ್ತು, ಅಷ್ಟೆ. ಆ ನಿವೃತ್ತ ಶಿಕ್ಷಕಿ ತಮ್ಮ ಕೀಲಿಗಳನ್ನು ಮತ್ತೆ ತಂದುಕೊಡಲಿಲ್ಲ. ಆದರೆ ಬೇರೆಯವರು ತಂದರು. ಅಕ್ಕನ ಬೆನ್ನಿಗೆ ಯಜಮಾನರು ಮೆಟ್ಟಿಲು ಮೆಟ್ಟಿಲಿಗೂ ಏದುಸಿರು ಬಿಡುತ್ತಾ ಮೇಲ್ವಿಚಾರಣೆಗೆ ಹತ್ತಬೇಕಾಯಿತು. ಶಿಕ್ಷೆ ಯಾರಿಗಾಯಿತು ಅಂತ ಅವರ ಹೆಂಡತಿ ಕೇಳುತ್ತಿದ್ದರು.

ಈಚೆಗೆ ಒಬ್ಬರು ಬಂದರು, ಹೊಸ ಕಟ್ಟಡದ ಮಾಲೀಕರು, ದೊಡ್ಡ ಗಿರಾಕಿ. ನಾನು ಅಕ್ಕನ ಕೋಟಿನ ತೋಳು ಸರಿಮಾಡಿ ಕೊಡಲು ಆಫೀಸಿಗೆ ಹೋಗಿದ್ದೆ, ಎಲ್ಲ ಕಣ್ಣಾರೆ ಕಂಡೆ. ಎಂಟು ಮನೆ, ಎಂಟೂ ಖಾಲಿ. ಕೀಲಿಗಳನ್ನೆಲ್ಲ ಅಕ್ಕನ ಮೇಜಿನ ಮೇಲಿಟ್ಟು, ಎಂಥ ಬಾಡಿಗೆದಾರರು ಬೇಕು ಅಂತ ಹೇಳುತ್ತಾ ಹೋದರು. ಸಂಸಾರಸ್ಥರು ಆಗಬೇಕು. ಗಲಾಟೆ ಇರಬಾರದು.

"ಇನ್ನೊಂದು ಮಾತು" ಅಂದರು ಎದ್ದು ಹೊರಡುವಾಗ. "ಪೊಲೀಸು, ಕೇಸು, ಜೈಲು ಅಂತ ಹಿಂದೆ ಮುಂದೆ ಏನಾದ್ರೂ ಇದ್ದವರನ್ನ ಹೊಸಿಲು ದಾಟಿಸಬೇಡಿ. ಅಂಥವರು ಕಾಲಿಟ್ಟ ಮನೆಯೇ ನನಗೆ ಬೇಡ."

ಯಜಮಾನರು ಕುರ್ಚಿಯಲ್ಲಿ ಒಮ್ಮೆ ಅಲುಗಾಡಿದರು. ಅಕ್ಕ ಕೀಲಿಗಳನ್ನೆಲ್ಲ ಒಟ್ಟು ಮಾಡಿ ಆ ಮನುಷ್ಯನ ಮುಂದೆ ತಳ್ಳಿದಳು.

"ಹಾಗಾದ್ರೆ ನಿಮ್ಮ ಮನೆ ತೋರಿಸೋಕೆ ನಾನೂ ಒಳಗೆ ಹೋಗೋ ಹಾಗಿಲ್ಲ ಸಾರ್. ನಾನು ಎರಡು ವರ್ಷ ಜೈಲಲ್ಲಿದ್ದೆ."

ಅವರು ತಮಾಷೆ ಅಂದುಕೊಂಡು ಯಜಮಾನರ ಕಡೆ ನೋಡಿದರು. ಯಜಮಾನರು ಚಾವಣಿ ನೋಡುತ್ತಾ "ಹೌದು, ನಿಜ" ಅಂದರು. "ನಮ್ಮಲ್ಲಿ ಇವರಷ್ಟು ಚೆನ್ನಾಗಿ ಮನೆ ತೋರಿಸೋರು ಇನ್ನೊಬ್ಬರಿಲ್ಲ. ಅದೂ ನಿಜ."

ಆ ಮನುಷ್ಯ ಕೀಲಿಗಳನ್ನು ಒಂದೊಂದಾಗಿ ಜೇಬಿಗೆ ಹಾಕಿಕೊಂಡರು. ನಡುವೆ ಒಂದು ಕೆಳಗೆ ಬಿತ್ತು. ಅಕ್ಕ ಬಗ್ಗಿ ಎತ್ತಿಕೊಟ್ಟಳು. ಅವರು ಹೊರಟುಹೋದರು, ಮತ್ತೆ ಬರಲಿಲ್ಲ. ಆ ಎಂಟು ಮನೆ ಬೇರೆ ಯಾರದೋ ಆಫೀಸಿಗೆ ಹೋಯಿತು ಅಂತ ಆಮೇಲೆ ತಿಳಿಯಿತು.

"ಎಂಟು ಮನೆ ತಾಯಿ" ಅಂದರು ಯಜಮಾನರು, ಬಾಗಿಲು ಮುಚ್ಚಿದ ಮೇಲೆ.

"ಗೊತ್ತು" ಅಂದಳು ಅಕ್ಕ. ಕೋಟು ತೊಟ್ಟು ತೋಳು ಎಳೆದು ನೋಡಿದಳು. "ಎಡಗಡೆ ಇನ್ನೂ ಸ್ವಲ್ಪ ಬಿಗಿ ಕಣೇ. ಇರಲಿ, ಎರಡು ಗಂಟೆಗೆ ಒಂದು ಮನೆ ತೋರಿಸಬೇಕು. ಏಳಿ ಯಜಮಾನ್ರೇ, ನಾಲ್ಕನೇ ಮಹಡಿ."